ಸಂದು

ಕುಂಸಿ ದಾಟಿ ಅರಸಾಳಿನ ಕಡೆ, ಮೊದಲ ತಿರುವಿನಲ್ಲಿ
ಯಾರೋ ಬೇಲಿಗೆ ನೆಟ್ಟಿದ್ದಾರೆ ಹಳೆ ಹಳಿಯ ತುಂಡು.
ಸೊಂಟದ ಮೇಲೆ ಉಬ್ಬಕ್ಷರ:
ಕಾರ್ಖಾನೆಯ ಹೆಸರನ್ನು ತುಕ್ಕು ತಿಂದಿದೆ,
ಇಸವಿ ಉಳಿದಿದೆ, ಮೂವತ್ತೊಂದು.
ಗಜಕ್ಕೆ ಅರವತ್ತು ಪೌಂಡು.
ಮೀಟರ್ ಗೇಜಿನ ಕಾಲಕ್ಕೆ ಅಪ್ಪ ಕಾಯುತ್ತಿದ್ದ ಹಳಿ ಇದೇ ಇರಬಹುದು,
ಇರಲಿಕ್ಕಿಲ್ಲ. ಎಮ್ಮೆ ಮೈ ತಿಕ್ಕಿ ಒಂದು ಮಗ್ಗುಲು ಹೊಳೆಯುತ್ತಿದೆ.

ಕೀಮ್ಯಾನ್ ಸಣ್ಣೀರಪ್ಪ. ಹೆಗಲ ಮೇಲೆ ಪಾನ,
ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಸುರುಳಿ ಸುತ್ತಿದ ಕೆಂಪು ಬಾವುಟ.
ಹಳಿಗೂ ಹಳಿಗೂ ನಡುವೆ ಬಿಟ್ಟ ಸಂದನ್ನು
ಜೇಬಿನ ಎಂಟಾಣೆಯಿಂದ ಅಳೆಯುತ್ತಿದ್ದ:
ಮಾಗಿಯ ಬೆಳಗ್ಗೆ ನಾಣ್ಯ ಅಳ್ಳಕ,
ಶಿವರಾತ್ರಿ ಕಳೆದರೆ ಬಿಗಿ,
ಏಪ್ರಿಲ್ ಮಧ್ಯಾಹ್ನ ಬ್ಲೇಡೂ ತೂರುವುದಿಲ್ಲ.
"ಸಂದು ಬಿಡದಿದ್ರೆ ಹಳಿ ಹಾವಾಗುತ್ತೆ ಕಣೆ ರುದ್ರಿ."
ತಟ್ಟಿದರೆ ಟಣ್ ಎನ್ನಬೇಕು.
ಟೊಕ್ ಎಂದರೆ ಬಾವುಟ ಬಿಚ್ಚಬೇಕು.

ನನಗೆ ಕಲಿಸಿದ್ದು ಮೈಸೂರಿನಲ್ಲಿ, ಕೊಣ್ಣೂರ ಮೇಷ್ಟ್ರು:
ಮೊದಮೊದಲು ಮರದ ದಿಮ್ಮಿ, ಮೇಲೊಂದು ಕಬ್ಬಿಣದ ಪಟ್ಟಿ;
ಪಟ್ಟಿ ಕಿತ್ತೆದ್ದು ಬಂಡಿಯ ತಳ ಸೀಳುತ್ತಿತ್ತು.
ಆಮೇಲೆ ಎರಕದ ಹಳಿ, ಮೂರೇ ಅಡಿ, ಬಳಪದಂತೆ ಲಟಕ್ಕನೆ ಮುರಿಯುವುದು.
ಆಮೇಲೆ ಯಾರೋ ಜಾಣ ಹಳಿಗೆ ಎರಡು ತಲೆ ಇಟ್ಟ,
ಒಂದು ಸವೆದರೆ ಮಗುಚಿ ಹಾಕೋಣ ಎಂದು.
ಮಗುಚಿ ನೋಡಿದರೆ ಕೆಳಗಿನ ತಲೆ
ಕೂತಲ್ಲೇ ಕೂತು ಜಜ್ಜಿಹೋಗಿತ್ತು.
ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.
ಹಾಗೆ ಕಾದಿಟ್ಟುಕೊಂಡವರು ನಮ್ಮ ಕ್ವಾರ್ಟರ್ಸಿನಲ್ಲೇ ಇದ್ದರು.

ಭಿಲಾಯಿಯ ವಿಡಿಯೋ ಹಾಕಿದರು.
ಕೆಂಡದ ಕಂಬವೊಂದು ರೋಲರುಗಳ ನಡುವೆ
ಹೋಗಿ ಬಂದು, ಹೋಗಿ ಬಂದು,
ಸಲಸಲಕ್ಕೂ ಸೊಂಟ ಸಣ್ಣಗಾಗಿ, ಪಾದ ಅಗಲವಾಗಿ,
ಬಿಸಿಯಲ್ಲೇ ಹುಟ್ಟಿದ ಇಸವಿ ಒತ್ತಿಸಿಕೊಂಡು.
ಆರುವಾಗ ಬಾಗುತ್ತದಂತೆ:
ಪಾದ ತೆಳ್ಳಗೆ, ಬೇಗ ತಣ್ಣಗಾಗುತ್ತದೆ,
ತಲೆಯಲ್ಲಿ ಇನ್ನೂ ಕಾವು.
ಆಮೇಲೆ ನೆಟ್ಟಗೆ ಮಾಡುತ್ತಾರೆ.

ನಮ್ಮ ಕಡೆಯೂ ಗೇಜು ಅಗಲವಾಯಿತು.
ಮತ್ತಿ ಮರದ ಸ್ಲೀಪರು ಹೋಗಿ ಕಾಂಕ್ರೀಟು,
ಅಂಗೈಯಷ್ಟು ತಲೆಯ ಭಾರೀ ಹಳಿ.
ಸಂದು ಬೆಸೆಯುವ ರಾತ್ರಿ ಅಪ್ಪ ಗೇಟಿನ ಹತ್ತಿರ ಬಂದು ನಿಂತ,
ರಿಟೈರಾಗಿದ್ದ, ಯಾರೂ ಕರೆದಿರಲಿಲ್ಲ.
ಮೌಲಾಲಿ ಮೂಸೆಗೆ ಪುಡಿ ತುಂಬಿ ಬತ್ತಿ ಹಚ್ಚಿದ.
ಬಿಳೀ ಬೆಂಕಿ. ಗುಡ್ಡದ ಮರಗಳಲ್ಲಿ ಎಲೆ ಎಲೆಯೂ ಕಂಡಿತು,
ಅಪ್ಪನ ಬಾಯಿ ತೆರೆದದ್ದೂ.
ಕರಗಿದ ಉಕ್ಕು ಸಂದಿಗೆ ಇಳಿಯಿತು.
ಗ್ರೈಂಡರು ತಿಕ್ಕಿದ ಮೇಲೆ ಎಂಟಾಣೆ ಹಿಡಿದು ಬಗ್ಗಿದ,
ಬೆರಳಲ್ಲಿ ತಡವಿದ,
ಮೂವತ್ತು ವರ್ಷ ನೋಡಿಕೊಂಡಿದ್ದ ಜಾಗ ಸಿಗಲಿಲ್ಲ.

"ಬೇಸಿಗೇಲಿ ಹಿಗ್ಗಿದ್ದು ಎಲ್ಲಿಗೆ ಹೋಗುತ್ತೆ?"
ಎಲ್ಲಿಗೂ ಹೋಗಲ್ಲ. ಸ್ಲೀಪರು ಹಿಡ್ಕೊಂಡಿರುತ್ತೆ, ಒಳಗೇ ಇರುತ್ತೆ.
"ಅಷ್ಟೂ?"
ಅಷ್ಟೂ.

ಈಗ ನಾನು ತಳ್ಳುವ ಗಾಡಿ ಹಳಿಯೊಳಕ್ಕೆ ಸದ್ದು ಬಿಡುತ್ತದೆ,
ಕಿವಿಗೆ ಕೇಳದ ಸದ್ದು.
ಬಿರುಕಿಗೆ ತಾಗಿದರೆ ಪರದೆಯ ಮೇಲೊಂದು ಗೆರೆ ಏಳುತ್ತದೆ.
ಏಳದ ದಿನವೂ ಬಗ್ಗಿ ಒಮ್ಮೆ ತಟ್ಟಿ ನೋಡುತ್ತೇನೆ,
ರಿಪೋರ್ಟಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.
ತಾಳಗುಪ್ಪದ ರೈಲು ಕಟಕಟ ಮರೆತು ಜಾರಿ ಹೋಗುತ್ತದೆ,
ಹೋದದ್ದು ಅಪ್ಪನಿಗೆ ತಿಳಿಯುವುದಿಲ್ಲ, ಕೇಳುತ್ತಾನೆ: ಇವತ್ತು ಲೇಟಾ?

ಎಂಟಾಣೆ ನನ್ನ ಹತ್ತಿರವೇ ಇದೆ.
ಮಷೀನಿನ ಬ್ಯಾಟರಿ ಮುಚ್ಚಳಕ್ಕೆ ಒಂದು ತಿರುಪು,
ಅದರ ಗೀರಿಗೆ ಸರಿಯಾಗಿ ಕೂರುತ್ತದೆ.