ಒಳಗೆ ಬಿಟ್ಟ ಬಟ್ಟೆ

ಕೋಡಿಬಾಗ ರಸ್ತೆಯಲ್ಲಿ ನನ್ನ ಅಂಗಡಿ,
ಔಷಧದಂಗಡಿಗೂ ಶವರ್ಮಾ ಗಾಡಿಗೂ ನಡುವೆ.
ಎಡದವನು ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತುತ್ತಾನೆ,
ಬಲದವನು ಸಂಜೆ ಐದಕ್ಕೆ ಬೆಂಕಿ ಹಚ್ಚುತ್ತಾನೆ;
ಇಬ್ಬರ ಗಿರಾಕಿಗಳೂ ಒಬ್ಬರೇ ಎಂದು ತಿಳಿಯಲು
ನನಗೆ ಬಹಳ ದಿನ ಹಿಡಿಯಲಿಲ್ಲ.

ಅಳತೆ ಪುಸ್ತಕ ಹನ್ನೊಂದಾದವು.
ಮೊದಲನೆಯದರ ಒಂದು ಮೂಲೆ ಗೆದ್ದಲು ತಿಂದಿದೆ.
ಉಳಿದ ಮೂಲೆಯಲ್ಲಿ, ನೀಲಿ ಶಾಯಿಯಲ್ಲಿ,
ರೋಹಿದಾಸ ತಾಂಡೇಲ: ಸೊಂಟ ಇಪ್ಪತ್ತೆಂಟು.
ಅಲಿಗದ್ದಾ ದಂಡೆಯಲ್ಲಿ ಏಂಡಿ ಬಲೆ ಎಳೆದು,
ಹಿಮ್ಮಡಿಗೆ ಅಂಟಿದ ಮರಳೂ ಒಣಗದೆ
ಮದುವೆ ಪ್ಯಾಂಟಿನ ಅಳತೆಗೆ ಬಂದು ನಿಂತಿದ್ದ.
ಟೇಪಿಗೆ ತಾರ್ಲೆಯ ಒಂದು ಹುರುಪೆ ಮೆತ್ತಿತ್ತು,
ಇಪ್ಪತ್ತೆಂಟರ ಮೇಲೆಯೇ, ಬೆಳ್ಳಿ ಮೊಹರಿನಂತೆ.
ಏನು ಉಂಡೆಯೋ ಅಂದರೆ, ಪೇಜ್, ಸುಟ್ಟ ಒಣ ಬಂಗಡೆ,
ಮತ್ತೆ ಪೇಜ್.

ಈಗ ಬೈತಖೋಲದಲ್ಲಿ ಅವನದೇ ಬೋಟು.
ಬಲೆಯನ್ನು ಯಂತ್ರ ಎಳೆಯುತ್ತದೆ,
ಅವನು ಎಳೆಯುವುದು ಕುರ್ಚಿ, ನೆರಳು ಸರಿದ ಹಾಗೆ.
ಹನ್ನೊಂದನೆಯ ಪುಸ್ತಕದಲ್ಲಿ ನಲವತ್ನಾಲ್ಕು.
‘ನಿನ್ನ ಟೇಪು ಕುಗ್ಗಿದೆ ಮಾರಾಯ’ ಎಂದು ನಗುತ್ತಾನೆ,
ಬಗ್ಗಲಾರದೆ, ಚಪ್ಪಲಿಯನ್ನು ಕಾಲಲ್ಲೇ ತಡಕುತ್ತ.

ಅವನನ್ನು ನೋಡಿ ನಗುವ ಹಕ್ಕು ನನಗಿಲ್ಲ.
ನನ್ನ ಕಾಲು ಒಂದು ಕಾಲಕ್ಕೆ, ಕೂತಲ್ಲೇ,
ದಿನಾ ಗೋವೆಗೆ ಹೋಗಿ ಬರುವಷ್ಟು ತುಳಿಯುತ್ತಿತ್ತು.
ಮಂಡಿ ನೋವೆಂದು ಮಗಳು ಮೋಟಾರು ಹಾಕಿಸಿದಳು.
ಈಗ ಹೆಬ್ಬೆರಳು ಒಂದಿಷ್ಟು ಒತ್ತಿದರೆ
ಹೊಲಿಗೆ ಕಾಳಿ ಸೇತುವೆ ದಾಟಿ ಓಡುತ್ತದೆ,
ನಾನು ಈಚೆ ದಂಡೆಯಲ್ಲೇ.
ಮಂಡಿ ನೋವು ಇದ್ದಲ್ಲೇ ಇದೆ.
ಎಡದಂಗಡಿಯವನು ನನ್ನಲ್ಲಿ ಚೀಟಿ ಕೇಳುವುದಿಲ್ಲ,
ಗುಳಿಗೆಗಳ ಹೆಸರು ಅವನಿಗೆ ಬಾಯಿಪಾಠ.

ಹೊಸದು ಹೊಲಿಸುವವರು ಎಲ್ಲಿ?
ರೆಡಿಮೇಡಿನ ಇಲಾಸ್ಟಿಕ್ ಒಳ್ಳೆಯ ನೆಂಟ,
ಎಷ್ಟು ಉಂಡೆ ಎಂದು ಕೇಳುವುದಿಲ್ಲ.
ನನ್ನ ಬಳಿ ಬರುವುದು ಬಿಚ್ಚಿಸಲು:
ಗಿರಿಜಾ ಪಡ್ತಿಯ ರವಿಕೆಗಳು, ಬಂದರು ಆಫೀಸಿನ
ಕಲ್ಗುಟಕರರ ಐದು ಪ್ಯಾಂಟು ಒಟ್ಟಿಗೆ.
ಹೊಲಿಯಲು ಕಲಿತ ಕೈಗೆ ಈಗ ಬ್ಲೇಡೇ ಹೆಚ್ಚು ರೂಢಿ.

ಮೊದಲು ಅಳತೆಯನ್ನು ಕೂಗಿ ಹೇಳುತ್ತಿದ್ದೆ,
ಹುಡುಗ ಬರೆದುಕೊಳ್ಳುತ್ತಿದ್ದ, ಬೆಂಚಿನವರೆಲ್ಲ ಕೇಳುತ್ತಿದ್ದರು.
ಮೊನ್ನೆ ಜೂನಿನಲ್ಲಿ ಬಿಟ್ಟೆ.
ನೇತ್ರಾವತಿ ಮಗನನ್ನು ಕರೆತಂದಿದ್ದಳು, ಏಳನೆಯ ತರಗತಿ, ಸಮವಸ್ತ್ರ.
ಟೇಪು ಹತ್ತಿರ ಬರುತ್ತಲೇ ಸ್ವರೂಪ
ಉಸಿರು ಒಳಗೆಳೆದುಕೊಂಡು ಕಣ್ಣು ಮುಚ್ಚಿದ,
ಸೂಜಿಗೆ ತೋಳು ಕೊಟ್ಟವನ ಹಾಗೆ.
ಬಿಡುವವರೆಗೆ ಕಾದೆ. ಎಷ್ಟು ಹೊತ್ತು ಹಿಡಿದಾನು, ಮಗು.
ಬಿಟ್ಟ. ನಾನು ಏನೂ ಕೂಗಲಿಲ್ಲ,
ಅಂಗೈ ಮರೆ ಮಾಡಿ ನಾನೇ ಬರೆದುಕೊಂಡೆ.

‘ಬದಿಯಲ್ಲಿ ಸ್ವಲ್ಪ ಬಟ್ಟೆ ಬಿಡಿ’ ಅಂದಳು ತಾಯಿ, ಮೆಲ್ಲಗೆ.
ಇವಳ ತಾಯಿಯೂ ಇದೇ ಹೊಸ್ತಿಲಲ್ಲಿ ನಿಂತು
ಇವಳ ಲಂಗಕ್ಕೆ ಬಟ್ಟೆ ಬಿಡಿಸಿದ್ದಳು.
ಆಗ ಕೆಳಗೆ, ಅಂಚಿನಲ್ಲಿ. ಹುಡುಗಿ ಉದ್ದ ಬೆಳೆಯುತ್ತಾಳೆಂದು.

ಹಣ ಎಣಿಸುತ್ತಿದ್ದಾಗ ಮೂಲೆಯಿಂದ ಸದ್ದು.
ಹಳೆಯ ಮಷೀನು, ಮೋಟಾರು ಇಲ್ಲದ್ದು, ಸೂಜಿಯೂ ಇಲ್ಲದ್ದು;
ಹುಡುಗ ಎರಡೂ ಕಾಲಿಟ್ಟು ತುಳಿಯುತ್ತಿದ್ದಾನೆ.
ಚಕ್ರ ಹಿಂದಕ್ಕೆ ತಿರುಗುತ್ತಿದೆ, ಹೊಸಬರಿಗೆಲ್ಲ ತಿರುಗುವ ಹಾಗೆ.
‘ಕೈಯಿಂದ ಒಂದು ಸುತ್ತು ಕೊಡು,
ಆಮೇಲೆ ಕಾಲು’ ಅಂದೆ.
ಕೊಟ್ಟ. ಹಿಂದಕ್ಕೆ ಹೋಯಿತು. ಮತ್ತೆ ಕೊಟ್ಟ.
ಪಕ್ಕದ ಗಾಡಿಯಲ್ಲಿ ಮಾಂಸ ತಿರುಗತೊಡಗಿತ್ತು, ಸಂಜೆ ಐದು.
ಅವ್ವ ಕರೆದಳು. ‘ತಡಿ’ ಅಂದ, ತಲೆ ಎತ್ತದೆ.

ಆ ಚಡ್ಡಿಗೆ ಬದಿಯಲ್ಲಿ ಎರಡಿಂಚು ಬಿಟ್ಟೆ, ಹೇಳಿದ ಹಾಗೆ.
ಕೆಳಗೂ ಮೂರಿಂಚು ಮಡಿಸಿಟ್ಟೆ,
ಯಾರೂ ಕೇಳಿರಲಿಲ್ಲ.