ಎಷ್ಟು ಸ್ಲ್ಯಾಬಿಗೆ

ಪುನಾವಳೆಯಲ್ಲಿ ಹನ್ನೊಂದನೆಯ ಸ್ಲ್ಯಾಬು ಬಿದ್ದ ವಾರ
ತಗಡಿನ ಶಾಲೆಯ ಹಿಂದೆ ನಾವು ಬೀಜ ಹಾಕಿದೆವು.
ಪೇಂಟಿನ ಡಬ್ಬಿ, ಅರ್ಧ ಕೊಯ್ದ ಸಿಮೆಂಟು ಚೀಲ,
ನೆತ್ತಿ ಸೀಳಿದ ಒಂದು ಹಳದಿ ಹೆಲ್ಮೆಟ್ಟು.
ಮಣ್ಣೇ ಸಿಗಲಿಲ್ಲ.
ಇಷ್ಟು ಅಗೆದ ಜಾಗದಲ್ಲಿ ಬರೀ ಮುರುಮು, ಜಲ್ಲಿ, ಕ್ಯೂರಿಂಗಿನ ನೀರು.
ಕೊನೆಗೆ ಮೌನೇಶನ ಅಪ್ಪ ಪಕ್ಕದ ಟವರಿನ ಪಾಯದಿಂದ
ಎರಡು ಬುಟ್ಟಿ ಕರಿಮಣ್ಣು ತಂದು ಸುರಿದ:
"ಎರಿ ಐತ್ರಿ, ನಮ್ಮ ಸುರಪುರದ್ದ ಇದ್ದಂಗ."
ಅದರಲ್ಲಿ ಯಾರದೋ ಕಬ್ಬಿನ ಬೇರು ಇನ್ನೂ ಇದ್ದವು.

ಕೊತ್ತಂಬರಿಯನ್ನು ಇಡಿಯಾಗಿ ಬಿತ್ತಬಾರದು,
ಚಪ್ಪಲಿಯಡಿ ಉಜ್ಜಿ ಎರಡು ಹೋಳು ಮಾಡಬೇಕು ಅಂದೆ.
ಚಪ್ಪಲಿ ಇದ್ದವರು ನಾಲ್ಕೇ ಜನ.
ಒಂದು ಉಜ್ಜಿಗೆ ಒಂದು ಗೋಲಿಯಂತೆ
ಬಾಡಿಗೆಗೆ ಬಿಟ್ಟರು.

ಬೂದಿಯಲ್ಲಿ ಹೊರಳಿಸಿಟ್ಟ ಟಮಾಟಿ ಬೀಜ ತೋರಿಸಿ
ಹಣ್ಣಾಗಲು ಮೂರು ತಿಂಗಳು ಅಂದೆ.
ಎಲ್ಲರೂ ನನ್ನ ಮುಖ ನೋಡಿದರು.
ಮಾಳಮ್ಮ ಕೇಳಿದಳು:
"ಅಂದ್ರ ಎಷ್ಟ್ ಸ್ಲ್ಯಾಬ್ರಿ ಟೀಚರ್?"

ಹತ್ತು ದಿನಕ್ಕೊಂದು ಸ್ಲ್ಯಾಬು. ಬೆರಳು ಮಡಚಿದೆ.
ಟಮಾಟಿಗೆ ಒಂಬತ್ತು.
ಮೂಲಂಗಿಗೆ ನಾಲ್ಕೂವರೆ.
ಮೆಂತ್ಯೆಗೆ, ಬಹಳ ಬೇಗ ಅಂದರೂ, ಎರಡೂವರೆ.
ಕಟ್ಟಡಕ್ಕೆ ಉಳಿದದ್ದು ಎರಡು.
ಅದು ಅವರಿಗೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.
ಟಮಾಟಿ ಬೀಜವನ್ನು ತಿರುಗಿ ಬೂದಿಗೆ ಹಾಕಿದೆ.

ನಾಲ್ಕನೇ ದಿನ ಮೆಂತ್ಯೆ ಎದ್ದಿತು,
ಕತ್ತು ಬಗ್ಗಿಸಿ, ತಲೆಯ ಮೇಲೆ ಸಿಪ್ಪೆ ಹೊತ್ತು,
ಥೇಟು ಬುಟ್ಟಿ ಹೊತ್ತವರ ಸಾಲು.
ಖಾಜಾನ ಕೊತ್ತಂಬರಿ ಏಳಲೇ ಇಲ್ಲ;
ಬಂತೇನೋ ಅಂತ ದಿನಕ್ಕೆ ಮೂರು ಸಲ
ಅಗೆದು ನೋಡುತ್ತಿದ್ದ.

ಹನ್ನೆರಡನೆಯದು ಬಿದ್ದ ಮಾರನೇ ಬೆಳಿಗ್ಗೆ
ಮಾಳಮ್ಮನ ಡಬ್ಬಿ ಬೋಳಾಗಿತ್ತು.
ಎರಡೇ ಎಲೆಯ ಸಸಿ, ಬೇರುಸಮೇತ ಕಿತ್ತು
ಉಪ್ಪು ಹಚ್ಚಿ ಅಗಿಯುತ್ತ ಕೂತಿದ್ದಳು.
ಬೈದೆ. ತಾಳ್ಮೆ, ಫಲ ಅಂತ ಏನೇನೋ ಹೇಳಿದೆ.
ಪೂರ್ತಿ ಕೇಳಿಸಿಕೊಂಡು, ನುಂಗಿ, ಅಂದಳು:
"ಮುಂದಿನ ಸ್ಲ್ಯಾಬ್ ಬಿದ್ದಕೂಡ್ಲೆ ತಾಥವಡೆಗೆ ಹೊಂಟೀವ್ರಿ.
ದೊಡ್ಡದಾದ ಮ್ಯಾಲ ತಿನ್ನೋರ್ ಯಾರ್ರಿ?"
ಅಂಗೈಯಲ್ಲಿ ಉಳಿದ ನಾಲ್ಕು ಎಳೆ ನನಗೆ ಚಾಚಿದಳು.

ಕಹಿ ಇನ್ನೂ ಪೂರ್ತಿ ಬಂದಿರಲಿಲ್ಲ.
ಹಲ್ಲಿಗೆ ಒಂದಿಷ್ಟು ಮಣ್ಣು ಸಿಕ್ಕಿತು.

ಈಗ ಹೊಸ ಮಗು ಬಂದರೆ
ಹೆಸರಿಗೂ ಮೊದಲು ಕೇಳುತ್ತೇನೆ,
ನಿಮ್ಮದು ಎಷ್ಟನೇ ಸ್ಲ್ಯಾಬು?
ಎರಡು ಉಳಿದಿದ್ದರೆ, ಎಳೆಯದರಲ್ಲೇ ತಿನ್ನು ಅಂತ ಮೆಂತ್ಯೆ.
ಐದು ಉಳಿದಿದ್ದರೆ ಮೂಲಂಗಿ.
ಬೂದಿಯ ಡಬ್ಬಿ ಮೇಲಿನ ಗೂಡಿನಲ್ಲಿದೆ,
ಪಾಯದವರು ಯಾರಾದರೂ ಬರಲಿ.