ಒತ್ತಬೇಡ

ರಾತ್ರಿ ಹತ್ತಕ್ಕೆ ಮೂವತ್ತೈದು ಪರ್ಸೆಂಟ್.
ಹನ್ನೊಂದೂ ಕಾಲಿಗೂ ಮೂವತ್ತೈದೇ.
ನೀಲಿ ತೆರೆಯ ನಡುವೆ ಚುಕ್ಕಿಗಳು
ಒಂದರ ಬೆನ್ನಿಗೊಂದು ಸುತ್ತುತ್ತಲೇ ಇವೆ.
ಗಾಣದೆತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತಿತ್ತು.
'ಕಂಪ್ಯೂಟರ್ ಆಫ್ ಮಾಡಬೇಡಿ' ಅಂತ ಕೆಳಗೊಂದು ಸಾಲು,
ಅಪ್ಪಣೆಯೋ ಬೇಡಿಕೆಯೋ ತಿಳಿಯದ ದನಿಯಲ್ಲಿ.

ವಿನೋಬನಗರ, ಪೊಲೀಸ್ ಚೌಕಿ ಹಿಂದಿನ ಒಂದೂವರೆ ರೂಮು.
ಹದಿನಾಲ್ಕು ವರ್ಷದಿಂದ ಇಲ್ಲೇ ಕೂತು
ಶಿವಮೊಗ್ಗದ ಮದುವೆಗಳನ್ನು ಟೈಪು ಮಾಡುತ್ತಿದ್ದೇನೆ.
ಲಗ್ನಸರಾಯಿ. ಬೆಳಿಗ್ಗೆ ಏಳಕ್ಕೆ ಕೊಟ್ರೇಶಿ ಪ್ರೆಸ್ಸಿನ ಹುಡುಗ ಬರುತ್ತಾನೆ.
ಆನವಟ್ಟಿಯ ಹೆಣ್ಣು, ಶಿಕಾರಿಪುರದ ಗಂಡು, ಎಂಟುನೂರು ಕಾರ್ಡು;
ಮೂಲೆಗೆ ಗಣಪತಿ, ಸೊಂಡಿಲು ಬಲಕ್ಕೇ ಇರಬೇಕಂತೆ.
ಮುಹೂರ್ತ ಏಳು ನಿಮಿಷ ತಿದ್ದುವುದೊಂದು ಬಾಕಿ.
ಎಲ್ಲಾ ಈ ಡಬ್ಬಿಯೊಳಗೆ.

ತಬಸ್ಸುಮಳಿಗೆ ಫೋನು. ಮಗು ಮಲಗಿಸುತ್ತಾ ಪಿಸುಗುಟ್ಟಿದಳು:
"ಒತ್ತಬೇಡ ಅಕ್ಕ, ಪವರ್ ಬಟನ್ ಮುಟ್ಟಲೇಬೇಡ.
ಮುಂದೆ ಕೆಂಪು ದೀಪ ಮಿಣುಕ್ತಿದ್ಯಾ ನೋಡು.
ಮಿಣುಕ್ತಿದ್ರೆ ಒಳಗೆ ಏನೋ ನಡೀತಿದೆ ಅಂತ."

ನೆಲಕ್ಕೆ ಕೂತು ನೋಡಿದೆ.
ಅವ್ವನ ಕಡೆಯ ರಾತ್ರಿ, ಮೆಗ್ಗಾನ್ ಆಸ್ಪತ್ರೆಯಲ್ಲಿ,
ಮೂಗಿನ ಕೆಳಗೆ ಬೆರಳಿಟ್ಟು ಹೀಗೇ ಕಾದಿದ್ದೆ.
ಮಿಣುಕಿತು. ತಡೆಯಿತು. ಮಿಣುಕಿತು.
ತಾಳಗುಪ್ಪದ ರೈಲು ಕೂಗಿಕೊಂಡು ಹೋಯಿತು.
ಆಮೇಲೆ ಮಿಣುಕಲಿಲ್ಲ.

ನನ್ನ ಭಯ ಬೇರೆ.
ಡಬ್ಬಿ ಸತ್ತರೆ ಸಾಯಲಿ; ಎದ್ದ ಮೇಲೆ ನುಡಿ ಬಾರದಿದ್ದರೆ?
ಹೋದ ಸಲ ಹೀಗೇ ಅಪ್‌ಡೇಟಾಗಿ ನುಡಿ ಫಾಂಟು ಕಾಣೆಯಾಗಿ
ಒಂದು ಮನೆತನದ ಮೂರು ತಲೆಮಾರು
ಡಾಲರು, ಪ್ರಶ್ನೆಚಿಹ್ನೆ, ಅರ್ಧ ಕಂಸಗಳಾಗಿ ಸಾಲುಗಟ್ಟಿತ್ತು.
ಒತ್ತಕ್ಷರಗಳೆಲ್ಲ ಪಕ್ಕಕ್ಕೆ, ಮನೆಯಿಂದ ಹೊರಗಟ್ಟಿದ ಹಾಗೆ.

ಒಂದೂ ಹತ್ತಕ್ಕೆ ಮತ್ತೆ ಫೋನು.
"ಈಗ ಒತ್ತು. ಹತ್ತು ಎಣಿಸೋವರೆಗೆ ಬಿಡಬೇಡ."
ಒತ್ತಿದೆ. ಫ್ಯಾನು ನಿಂತಾಗಲೇ ತಿಳಿದದ್ದು
ಇಷ್ಟು ಹೊತ್ತೂ ಮನೆಯಲ್ಲಿ ಸದ್ದಿತ್ತೆಂದು.
ಎರಡನೇ ಸಲ. ಮೂರನೇ ಸಲಕ್ಕೆ ಬೇರೆ ಥರದ ನೀಲಿ,
ಅದರೊಳಗೊಂದು ದಾರಿ, ಸೇಫ್ ಮೋಡ್:
ಕಪ್ಪು ಹಿನ್ನೆಲೆ, ದಪ್ಪಕ್ಷರ, ಚಿತ್ರವಿಲ್ಲ, ದನಿಯಿಲ್ಲ,
ಒಡವೆ ಬಿಚ್ಚಿಟ್ಟು ಕೂತ ಮದುಮಗಳು.

"ಸಿ ಡ್ರೈವಲ್ಲಿ ಜಾಗ ಎಷ್ಟಿದೆ?"
"ಕೆಂಪು ಗೆರೆ."
"ಅದಕ್ಕೇ ಮತ್ತೆ! ಕಾಲಿಡೋಕೆ ಜಾಗ ಇಲ್ದೆ
ಹೊಸಿಲಲ್ಲೇ ನಿಂತಿದೆ ಪಾಪ. ಹಳೇದು ತೆಗಿ."

ಹಳೇದು ಅಂದರೆ
'ಮದುವೆ ಫೈನಲ್', 'ಮದುವೆ ಫೈನಲ್ ಎರಡು', 'ಇದೇ ಫೈನಲ್'.
ಯಶೋಧರ, ಕುಮುದ್ವತಿ. ಏಳು ಕರಡು,
ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಬಂತೆಂದು.
ಮರುವರ್ಷ ಅದೇ ದೊಡ್ಡಪ್ಪನ ವೈಕುಂಠ ಸಮಾರಾಧನೆ,
ಒಂದೇ ಪ್ರೂಫಿಗೆ ಓಕೆ.
ಆಮೇಲೊಂದು ಮಧ್ಯಾಹ್ನ ಕುಮುದ್ವತಿ ಒಬ್ಬಳೇ ಬಂದಿದ್ದಳು,
ಕೋರ್ಟಿನ ಅರ್ಜಿ ಟೈಪು ಮಾಡಿಸೋಕೆ.
"ಇಬ್ಬರ ವಿಳಾಸನೂ ನಿಮ್ಮ ಹಳೇ ಫೈಲಲ್ಲೇ ಇದೆಯಲ್ಲ,
ಅದನ್ನೇ ಹಾಕಿ" ಅಂದಳು. ದುಡ್ಡು ಎಣಿಸಿ ಕೊಟ್ಟಳು.

ಅಳಿಸಲೇ? ಹೌದು. ಇಲ್ಲ.
ಆರು ಕರಡು ಅಳಿಸಿದೆ. ಏಳನೆಯದನ್ನು, ಯಾಕೋ,
ಡಿ ಡ್ರೈವಿಗೆ ದಾಟಿಸಿದೆ.

ಹನ್ನೆರಡು ಜಿಬಿ ಬಿಡುವಾಯಿತು. ಮತ್ತೆ ಮೊದಲಿಂದ, ಸೊನ್ನೆಯಿಂದ.
ಮೂವತ್ತೈದರ ಹತ್ತಿರ ಉಸಿರು ಹಿಡಿದೆ.
ಮೂವತ್ತಾರು!
ಆ ಸರಿಹೊತ್ತಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ,
ಎದುರುಮನೆ ನಾಯಿ ಬೊಗಳಿತು.

ಆರೂ ಮುಕ್ಕಾಲಿಗೆ 'ನಮಸ್ಕಾರ' ಅಂತು ತೆರೆ,
ಏನೂ ಆಗಿಲ್ಲದವರ ಹಾಗೆ.
ನುಡಿ ಇತ್ತು. ಗಣಪತಿ ಇದ್ದ, ಸೊಂಡಿಲು ಬಲಕ್ಕೇ.
ಹೆಣ್ಣಿನ ಹೆಸರಲ್ಲಿ ಮಾತ್ರ,
ರುಕ್ಮಾವತಿಯ ಮ-ಒತ್ತು ಸಾಲು ಬಿಟ್ಟಿಳಿದು
ಮುಹೂರ್ತದ ಮೇಲೆ ಕೂತಿತ್ತು.
ಎಳೆದು ತಂದು ಅದರ ಜಾಗಕ್ಕೆ ಹಚ್ಚಿ, ಏಳು ನಿಮಿಷ ತಿದ್ದಿ,
ಪೆನ್ ಡ್ರೈವ್ ಕೀಳುವಷ್ಟರಲ್ಲಿ
ಹೊರಗೆ ಹುಡುಗ ಹಾರನ್ ಒತ್ತತೊಡಗಿದ.

ಬಂದೆ ಮಾರಾಯ,
ಒತ್ತಬೇಡ.